ಕಾರ್ಡು ಕಿಸೆಯಲ್ಲಿ, ಆಸ್ಪತ್ರೆ ಘಟ್ಟದಾಚೆ

ಅಡಿಕೆ ದರ, ಮಂಗನ ಕಾಟ, ಕೊಳೆ ರೋಗಕ್ಕೆ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಯಾವಾಗ ಬರುತ್ತಾನೆ ಎನ್ನುವುದು. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ನಮ್ಮ ರಾಮನಗುಳಿಯಲ್ಲಿ ಬೇಲಿ ಬದಿಯ ಮಾತು ಮೊದಲು ಇಷ್ಟರಲ್ಲೇ ಸುತ್ತುತ್ತಿತ್ತು. ಈಗೀಗ ಅದರ ಜೊತೆ ಆರೋಗ್ಯ ವಿಮೆಯೂ ಸೇರಿಕೊಂಡಿದೆ. ಪಕ್ಕದ ತೋಟದ ಭಾವ ಮೊನ್ನೆ ದಣಪೆಯ ಮೇಲೆ ಮೊಣಕೈ ಊರಿ ನಿಂತು ಫೋನನ್ನು ನನ್ನ ಮುಂದೆ ಹಿಡಿದ. ಬೆಂಗಳೂರಿನಲ್ಲಿರುವ ಮಗ ಒಂದು ಪಾಲಿಸಿಯ ಕಾಗದಪತ್ರ ಕಳಿಸಿದ್ದನಂತೆ.

“ಭಾವಾ, ಇದ್ನ ತಗಳದಾ, ಬ್ಯಾಡದಾ? ಮಾಣಿ ತಗಳಲೇಬೇಕು ಹೇಳ್ತಾ ಇದ್ದ.”

ಅತ್ತಿಗೆ ಅಲ್ಲೇ ದಾಸವಾಳದ ಬೇಲಿಯಲ್ಲಿ ದೇವರಿಗೆ ಹೂ ಕೊಯ್ಯುತ್ತಿದ್ದರು. “ಅಷ್ಟು ದುಡ್ಡು ಬ್ಯಾಂಕಲ್ಲಿಟ್ರೆ ಆಗ್ತಿಲ್ಯ?” ಎಂದರು.

ಗಂಡಹೆಂಡತಿ ಇಬ್ಬರಿಗೂ ಅರವತ್ತು ದಾಟಿದೆ. ಆ ವಯಸ್ಸಿಗೆ ಪ್ರೀಮಿಯಂ ಎಂದರೆ ವರ್ಷಕ್ಕೆ ಹತ್ತಾರು ಸಾವಿರ. ಅಡಿಕೆ ಮಾರಿದ ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುವ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಹಾಗಂತ ಮಗ ಹೇಳಿದ್ದು ಸುಳ್ಳೂ ಅಲ್ಲ. ಹೃದಯಕ್ಕೋ ಮಿದುಳಿಗೋ ಏನಾದರೂ ಆಗಿ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಒಂದು ವರ್ಷದ ಬೆಳೆಯಲ್ಲ, ತೋಟದ ಒಂದು ಭಾಗವೇ ಹೋಗಬಹುದು. ಹಾಗೆ ಹೋದ ತೋಟಗಳು ನಮ್ಮ ಸೀಮೆಯಲ್ಲಿವೆ.

ನಾನು ಭಾವನಿಗೆ ಮೊದಲು ಹೇಳಿದ್ದು ಒಂದೇ ಮಾತು. ಪಾಲಿಸಿಯ ಮೊದಲ ಪುಟ ಬಿಡು, ಆಸ್ಪತ್ರೆಗಳ ಪಟ್ಟಿ ತೆಗೆ. ಈ ಕಾರ್ಡು ತೋರಿಸಿದರೆ ದುಡ್ಡು ಕಟ್ಟದೆ ಸೇರಿಸಿಕೊಳ್ಳುವ ಆಸ್ಪತ್ರೆಗಳು ಯಾವುವು ನೋಡು. ಭಾವ ಬೆರಳಾಡಿಸುತ್ತಾ ಹೋದ. ಬೆಂಗಳೂರು ಮುಗಿಯಲೇ ಇಲ್ಲ. ಹುಬ್ಬಳ್ಳಿಯ ಹೆಸರು ಬಂತು, ಮಣಿಪಾಲ ಮಂಗಳೂರು ಬಂದವು. ನಮ್ಮ ಜಿಲ್ಲೆಯ ಹೆಸರುಗಳನ್ನು ಹುಡುಕಬೇಕಾಯಿತು. ವಿಮೆಯ ವಿಷಯದಲ್ಲಿ ಬೆಂಗಳೂರಿನವರಿಗೂ ನಮಗೂ ಇರುವ ವ್ಯತ್ಯಾಸ ಇದೇ. ಅಲ್ಲಿ ಕಾರ್ಡಿದ್ದರೆ ಅರ್ಧ ಗಂಟೆಯಲ್ಲಿ ಹಾಸಿಗೆ. ಇಲ್ಲಿ ಕಾರ್ಡು ಕಿಸೆಯಲ್ಲಿದ್ದರೂ ಒಂದೋ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೇ ಅಂಕೋಲಾಕ್ಕೆ ಇಳಿದು ಕರಾವಳಿಯ ಹೆದ್ದಾರಿ ಹಿಡಿದು ಮಣಿಪಾಲದ ತನಕ ಓಡಬೇಕು.

ಮಳೆಗಾಲದಲ್ಲಿ ಆ ದಾರಿಯೂ ಇರುತ್ತದೆ ಎಂಬ ಖಾತ್ರಿ ಇಲ್ಲ. 2021ರ ಜುಲೈ ನೆರೆಯಲ್ಲಿ ಗುಳ್ಳಾಪುರದ ಸೇತುವೆ ಮುರಿದು ಹೋಗಿ ಗಂಗಾವಳಿ ಹೊಳೆಯಾಚೆಯ ಹಳವಳ್ಳಿ, ಶೇವ್ಕಾರ ಕಡೆಯವರು ಹೆದ್ದಾರಿಗೆ ಬರಲಾಗದೆ ಕೂತಿದ್ದು ನಮ್ಮ ಕಣ್ಣ ಮುಂದಿನ ಸಂಗತಿ. 2024ರ ಜುಲೈ 16ರಂದು ನಮ್ಮದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನರ ಜೀವ ಹೋಯಿತು, ಅಂಕೋಲಾ–ಕುಮಟಾ ನಡುವಿನ ಹೆದ್ದಾರಿಯೂ ಬಂದಾಯಿತು. ಅಂಥ ದಿನ ಐದು ಲಕ್ಷದ ಪಾಲಿಸಿ ಇದ್ದವನಿಗೂ ಇಲ್ಲದವನಿಗೂ ಸಿಗುವುದು ಒಂದೇ ಬಾಗಿಲು: ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ತಾಲ್ಲೂಕು ಆಸ್ಪತ್ರೆ.

ಆಮೇಲೆ ಕಾಯುವ ಮಾತು ಬಂತು. “ಸರ್ಕಾರಿ ಆಸ್ಪತ್ರೇಲಿ ಕಾಯವು, ಖಾಸಗಿಲಿ ಕಾಯದಿಲ್ಲೆ” ಎಂದ ಭಾವ. ಸರ್ಕಾರಿ ಆಸ್ಪತ್ರೆಯ ಕಾಯುವಿಕೆ ನನಗೆ ಗೊತ್ತು. ದೊಡ್ಡ ಸರ್ಕಾರಿ ಆಸ್ಪತ್ರೆಯೊಂದಕ್ಕೆ ನಮ್ಮ ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿದ್ದೆ. ನಸುಕಿನ ಬಸ್ಸು ಹಿಡಿದು ಹೋಗಿ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತೆವು, ನಮ್ಮ ಸರದಿ ಬರುವಾಗ ವೈದ್ಯರು ಶಸ್ತ್ರಚಿಕಿತ್ಸೆಗೆ ಹೋಗಿಬಿಟ್ಟಿದ್ದರು. ಮಧ್ಯಾಹ್ನ ಮೇಲೆ ನೋಡಿದವರು ಸ್ಕ್ಯಾನಿಂಗ್ ಬರೆದರು, ಸ್ಕ್ಯಾನಿಂಗಿನವರು ಎರಡು ವಾರದಾಚೆಯ ದಿನ ಕೊಟ್ಟರು. ಕೂರಲು ಬೆಂಚು ಸಿಗದೆ ಚಿಕ್ಕಪ್ಪ ಗೋಡೆಗೆ ಒರಗಿ ನೆಲದ ಮೇಲೆ, ಮಡಿಸಿದ ಪಂಚೆಯ ಗಂಟು ಹಿಡಿದುಕೊಂಡು ಕೂತಿದ್ದರು. ಆದರೆ ಆ ವೈದ್ಯರು ಕೊನೆಗೆ ನೋಡಿದ ರೀತಿ, ಕೊಟ್ಟ ಚಿಕಿತ್ಸೆ ಎರಡರಲ್ಲೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ವೈದ್ಯರ ಸಂಖ್ಯೆಯಲ್ಲಿ, ಯಂತ್ರದ ಸಂಖ್ಯೆಯಲ್ಲಿ.

ಖಾಸಗಿ ವಿಮೆಯಲ್ಲಿ ಕಾಯುವುದಿಲ್ಲ ಎನ್ನುವುದು ಮಾತ್ರ ತಪ್ಪು ತಿಳಿವಳಿಕೆ. ಪಾಲಿಸಿ ತೆಗೆದುಕೊಂಡ ಮೊದಲ 30 ದಿನ, ಅಪಘಾತ ಬಿಟ್ಟರೆ ಬೇರೆ ಯಾವುದಕ್ಕೂ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಇಂಥವಕ್ಕೆ ಹೆಚ್ಚಿನ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಬಿಪಿ, ಶುಗರಿನಂಥ ಕಾಯಿಲೆಗೆ ಹಿಂದೆ ನಾಲ್ಕು ವರ್ಷದ ತನಕ ಕಾಯಿಸಬಹುದಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ಅದನ್ನು ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿಸಿದೆ. ಭಾವನಿಗೆ ಬಿಪಿಯೂ ಇದೆ, ಶುಗರೂ ಇದೆ. ಅತ್ತಿಗೆಯ ಬಲಗಣ್ಣಿಗೆ ಪೊರೆ ಬಂದಿದೆ. ಈಗ ಲೆಕ್ಕ ಹಾಕಿ. ಅತ್ತಿಗೆ ಈ ವಿಮೆಯನ್ನು ನಂಬಿದರೆ ಎರಡು ವರ್ಷ ಮಬ್ಬುಗಣ್ಣಲ್ಲೇ ಹೂ ಕೊಯ್ಯಬೇಕು. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಉಚಿತ. ಶಿಬಿರದ ದಿನ ಕೇಳಿಕೊಂಡು ಹೋದರೆ ಅಷ್ಟು ಕಾಯಬೇಕಾಗಿಲ್ಲ. ಅತ್ತಿಗೆ ಹೂವಿನ ಬುಟ್ಟಿ ಕೆಳಗಿಟ್ಟು ಶಿಬಿರ ಎಲ್ಲಿ, ಯಾವಾಗ ಎಂದು ವಿಚಾರಿಸಿದ್ದು ಆಗಲೇ. ಆಶಾ ಕಾರ್ಯಕರ್ತೆಯನ್ನು ಕೇಳಿ ಎಂದೆ.

ಬಿಪಿ, ಶುಗರನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸುವ ಸಲಹೆ ಕೊಡುವ ಏಜೆಂಟರೂ ಇದ್ದಾರೆ. ಅದನ್ನು ಮಾತ್ರ ಕೇಳಬಾರದು. ಆಸ್ಪತ್ರೆಯಲ್ಲಿ ಮಲಗಿದ ದಿನ ಹಳೆಯ ಔಷಧ ಚೀಟಿ ಹೊರಬಂದರೆ ಕಟ್ಟಿದ ಪ್ರೀಮಿಯಂ ಅಷ್ಟೂ ನೀರಿಗೆ ಹೋಗುತ್ತದೆ.

ಇನ್ನೊಂದು ಕಡೆ ಭಾವನ ಬೆರಳು ನಿಲ್ಲಿಸಿದೆ: ಕೋಣೆ ಬಾಡಿಗೆ. ವಿಮೆಯ ಮೊತ್ತ ಐದು ಲಕ್ಷ, ಕೋಣೆಗೆ ದಿನಕ್ಕೆ ಅದರ ನೂರಕ್ಕೆ ಒಂದು, ಅಂದರೆ 5,000 ರೂಪಾಯಿ ಎಂದು ಸಣ್ಣ ಅಕ್ಷರದಲ್ಲಿತ್ತು. ಆಸ್ಪತ್ರೆಯಲ್ಲಿ ಆ ದರದ ಕೋಣೆ ಖಾಲಿ ಇಲ್ಲ ಎಂದು 8,000ದ ಕೋಣೆಗೆ ಹೋದೆವು ಅನ್ನೋಣ. ಹೆಚ್ಚಿನ 3,000 ನಾವು ಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತೇವೆ. ಹಾಗಲ್ಲ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆ ಕೊಠಡಿಯ ಶುಲ್ಕ ಇತ್ಯಾದಿಯನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಅವೆಲ್ಲ ಸೇರಿ 1,60,000 ಆಗಿದ್ದರೆ ಕಂಪನಿ ಕೊಡುವುದು ಎಂಟರಲ್ಲಿ ಐದು ಪಾಲು, ಅಂದರೆ ಒಂದು ಲಕ್ಷ. ಉಳಿದ 60,000 ನಮ್ಮ ತಲೆಯ ಮೇಲೆ. ಔಷಧಿಗೆ, ದೇಹದೊಳಗೆ ಕೂರಿಸುವ ಸ್ಟೆಂಟಿನಂಥ ಸಾಮಗ್ರಿಗೆ ಈ ಕತ್ತರಿ ಹಾಕುವಂತಿಲ್ಲ ಎಂಬ ನಿಯಮ ಇದೆ, ಅಷ್ಟರ ಮಟ್ಟಿಗೆ ಪುಣ್ಯ. ಕೋಣೆ ಬಾಡಿಗೆಗೆ ಮಿತಿ ಇಲ್ಲದ ಪಾಲಿಸಿಗೆ ಸ್ವಲ್ಪ ಹೆಚ್ಚು ಕೊಡಬೇಕಾದರೂ ಅದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಪಾಲಿಸಿ ಕೈಗೆ ಬಂದು 30 ದಿನದೊಳಗೆ ಒಗ್ಗದಿದ್ದರೆ ವಾಪಸು ಮಾಡಬಹುದು. ಆ 30 ದಿನ ಇರುವುದೇ ಈ ಸಣ್ಣ ಅಕ್ಷರ ಓದುವುದಕ್ಕೆ.

ಹಾಗಾದರೆ ಸರ್ಕಾರದ ಕಡೆಯಿಂದ ನಮಗೆ ಏನಿದೆ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಿಂದ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ ಚಿಕಿತ್ಸೆ. ಹೊಳೆಯಾಚೆಯ ಹಾಲಕ್ಕಿ, ಸಿದ್ದಿ ಸಮುದಾಯದ ಮನೆಗಳಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೆ ಇಲ್ಲ, ಅವರು ಇದನ್ನು ಬಿಟ್ಟು ಖಾಸಗಿ ವಿಮೆಯ ಹಿಂದೆ ಹೋಗಬೇಕಾಗಿಯೂ ಇಲ್ಲ. ಒಂದು ಕ್ರಮ ಮಾತ್ರ ನೆನಪಿರಬೇಕು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಶಿಫಾರಸು ಪತ್ರದೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ. ತುರ್ತು ಇದ್ದಾಗ ಪತ್ರ ಬೇಕಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ‘ಆರೋಗ್ಯ ಮಿತ್ರ’ ಎಂದು ಒಬ್ಬರು ಕೂತಿರುತ್ತಾರೆ, ಒಳಗೆ ಹೋಗುವ ಮೊದಲು ಅವರನ್ನು ಕಾಣಬೇಕು. ಪತ್ರವಿಲ್ಲದೆ ನೇರ ಹೋಗಿ ಸೇರಿ, ಡಿಸ್ಚಾರ್ಜ್ ದಿನ ಕಾರ್ಡು ತೋರಿಸಿದವರು ಪೂರ್ತಿ ಬಿಲ್ ಕಟ್ಟಿ ಬಂದದ್ದನ್ನು ಊರಲ್ಲಿ ಕೇಳಿದ್ದೇವೆ.

ಸಿಕ್ಕಿಕೊಳ್ಳುವವರು ಭಾವನಂಥವರು. ಎಪಿಎಲ್ ಕಾರ್ಡು. ಅವರಿಗೆ ಅದೇ ಯೋಜನೆಯಲ್ಲಿ ಸರ್ಕಾರ ಕೊಡುವುದು ನಿಗದಿತ ದರದ ನೂರಕ್ಕೆ ಮೂವತ್ತು, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಲಕ್ಷದ ಚಿಕಿತ್ಸೆಗೆ ಮೂವತ್ತು ಸಾವಿರ ಬಂತು, ಎಪ್ಪತ್ತು ಸಾವಿರ ಕೈಯಿಂದ. ಎಕರೆ, ಎರಡೆಕರೆ ತೋಟ ಇದ್ದವರನ್ನು ಕಾಗದದ ಮೇಲೆ ಅನುಕೂಲಸ್ಥರು ಎಂದು ಬರೆದರೂ ಕೊಳೆ ರೋಗ ಬಂದ ವರ್ಷ ಆ ಎಪ್ಪತ್ತು ಸಾವಿರವನ್ನು ಸೊಸೈಟಿಯ ಸಾಲದಿಂದಲೇ ತರಬೇಕು.

ಅದಕ್ಕೇ ನಾನು ಭಾವನಿಗೆ ಯಶಸ್ವಿನಿಯ ನೆನಪು ಮಾಡಿದೆ. 2003ರಲ್ಲಿ ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಕಲ್ಪನೆಯಿಂದ ಶುರುವಾದ ಯೋಜನೆ ಅದು. ಸಹಕಾರ ಸಂಘದ ರೈತ ಸದಸ್ಯ ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ಕಟ್ಟಿದರೆ ಶಸ್ತ್ರಚಿಕಿತ್ಸೆ ಆಗುತ್ತಿತ್ತು. ಸಣ್ಣ ರೈತರೇ ಒಟ್ಟಾಗಿ ಕಟ್ಟಿಕೊಂಡ ವಿಮೆ ಎಂದರೆ ಅದೇ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಿದಾಗ ನಷ್ಟವಾದದ್ದು ಇದೇ ಎಪಿಎಲ್ ರೈತರಿಗೆ. 2023ರಲ್ಲಿ ಮತ್ತೆ ಶುರುವಾಯಿತು. ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ ಐದು ಲಕ್ಷ ಎಂದು. ನಮ್ಮಲ್ಲಿ ಸೊಸೈಟಿ ಸದಸ್ಯರಲ್ಲದ ಮನೆ ಯಾವುದಿದೆ? ಆದರೂ ನೋಂದಣಿಯ ಗಡುವು ಮುಗಿದ ಮೇಲೆ ವಿಚಾರಿಸುವವರೇ ಹೆಚ್ಚು.

ಖಾಸಗಿ ಪಾಲಿಸಿ ಬೇಡವೇ ಬೇಡ ಎನ್ನುವವನಲ್ಲ ನಾನು. ಮೂವತ್ತೈದು, ನಲವತ್ತರ ವಯಸ್ಸಿನ, ಕಾಯಿಲೆ ಏನೂ ಇಲ್ಲದವರು ಈಗಲೇ ಮಾಡಿಸಿದರೆ ಕಾಯುವ ವರ್ಷಗಳು ಆರೋಗ್ಯವಾಗಿರುವಾಗಲೇ ಕಳೆದುಹೋಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ನೂರಕ್ಕೆ ಹದಿನೆಂಟರ ಜಿಎಸ್‌ಟಿ ತೆಗೆದಿದ್ದಾರೆ. ಅರವತ್ತು ದಾಟಿದವರ ಪ್ರೀಮಿಯಂ ಒಂದೇ ವರ್ಷದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸಬೇಕಾದರೆ ಪ್ರಾಧಿಕಾರವನ್ನು ಕೇಳಬೇಕು ಎಂಬ ನಿಯಮವೂ ಆ ವರ್ಷವೇ ಬಂತು. ಕಂಪನಿ ನೌಕರಿಯ ಮಕ್ಕಳು ತಂದೆತಾಯಿಯನ್ನು ತಮ್ಮ ಗುಂಪು ವಿಮೆಗೆ ಸೇರಿಸಲು ಅವಕಾಶವಿದ್ದರೆ ಅದನ್ನು ಮೊದಲು ಬಳಸಿಕೊಳ್ಳಲಿ, ಕಾಯುವ ಅವಧಿ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನೌಕರಿ ಬಿಟ್ಟ ದಿನ ಅದೂ ಹೋಗುತ್ತದೆ ಎನ್ನುವುದು ಮಾತ್ರ ತಿಳಿದಿರಲಿ. ಭಾವನ ಮಗನಿಗೆ ಹೇಳಿ ಕಳಿಸಿದ್ದು ಇದನ್ನೇ.

ಆದರೆ ನನ್ನ ಹೊಟ್ಟೆಯೊಳಗಿನ ಸಂಕಟ ಬೇರೆ. ರಾತ್ರಿ ತೋಟದ ಕಾಲುವೆ ಬದಿಯಲ್ಲಿ ಹಾವು ಕಚ್ಚಿತು ಅನ್ನಿ, ಕೊನೆಗೌಡ ಮರದಿಂದ ಬಿದ್ದ ಅನ್ನಿ, ಎದೆ ಹಿಂಡಿತು ಅನ್ನಿ. ಆಗ ಬೇಕಾಗುವುದು ಪಾಲಿಸಿಯ ನಂಬರಲ್ಲ. 108ಕ್ಕೆ ಫೋನ್ ಹೋಗಲು ಸಿಗ್ನಲ್ ಬೇಕು, ಬಂಡಿ ಬರಲು ರಸ್ತೆ ಬೇಕು, ಇಳಿಸಿದಲ್ಲಿ ವೈದ್ಯರು ಬೇಕು, ಕಪಾಟಿನಲ್ಲಿ ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಬೇಕು. ಹೃದಯಾಘಾತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂದಿದೆ. ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರು ದೂರದಿಂದಲೇ ಇಸಿಜಿ ನೋಡಿ ಹೇಳುತ್ತಾರೆ. ನಮ್ಮಂಥ ಊರಿಗೆ ಇದು ಯಾವ ಪಾಲಿಸಿಗಿಂತಲೂ ದೊಡ್ಡದು. ಮೊದಲ ಒಂದು ಗಂಟೆಯ ಆಸ್ಪತ್ರೆ ನಮಗೆ ಯಾವಾಗಲೂ ಸರ್ಕಾರದ್ದೇ. ಆ ಗಂಟೆಯನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲದ್ದಕ್ಕೆ ತೆತ್ತ ಬೆಲೆ ನಾವೆಲ್ಲ ನೋಡಿದ್ದೇವೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಉಡುಪಿ ಕಡೆಗೆ ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಆ ಮಳೆಗಾಲ ಜಿಲ್ಲೆಯ ಹುಡುಗರು ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದು ಎದ್ದರು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ ನಿಜ. ಆದರೆ ಹೃದಯ, ಮಿದುಳಿನ ದೊಡ್ಡ ಚಿಕಿತ್ಸೆಗೆ ಜನ ಇವತ್ತಿಗೂ ಜಿಲ್ಲೆ ದಾಟುತ್ತಾರೆ. ಕಾರವಾರದವರಿಗೆ ಹತ್ತಿರದ ಗೋವಾದ ಬಾಂಬೋಳಿ ಆಸ್ಪತ್ರೆಯೂ 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ಹಾಕಿದೆ.

ವಿಮೆ ಮಾಡಿಸಿದ ಮನೆಗಳು ನಿಧಾನಕ್ಕೆ ಈ ಬೇಡಿಕೆಯಿಂದ ಹಿಂದೆ ಸರಿಯುತ್ತಿವೆ, ನನಗೆ ನೋವಾಗುವುದು ಅಲ್ಲಿ. ನಮಗೆ ಕಾರ್ಡಿದೆ, ಹುಬ್ಬಳ್ಳಿಗೆ ಹೋಗುತ್ತೇವೆ ಎಂಬ ಧೈರ್ಯ. ಅಧಿಕಾರಿಯ ಮುಂದೆ ನಿಂತು ಮಾತಾಡಬಲ್ಲವರು, ಅರ್ಜಿ ಬರೆಯಬಲ್ಲವರು ಹಿಂದೆ ಸರಿದರೆ ಆರೋಗ್ಯ ಕೇಂದ್ರದ ಖಾಲಿ ಹುದ್ದೆಯ ಬಗ್ಗೆ ಕೇಳುವವರು ಯಾರು? ಭಾವನಿಗೆ ಇದನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೂ ಹೌದು” ಎಂದ.

ಓದುತ್ತಿರುವ ನಿಮ್ಮಲ್ಲೂ ಅಷ್ಟೇ ಕೇಳಿಕೊಳ್ಳುವುದು. ಪಾಲಿಸಿ ಮಾಡಿಸುವ ಶಕ್ತಿ ಇದ್ದರೆ ಮಾಡಿಸಿ, ಸೊಸೈಟಿಗೆ ಹೋದಾಗ ಯಶಸ್ವಿನಿಯ ನೋಂದಣಿ ಯಾವಾಗ ಎಂದು ಕೇಳಿ ಬರೆಸಿ. ಮತ್ತು ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ನಮ್ಮ ಆರೋಗ್ಯ ಕೇಂದ್ರದಲ್ಲಿ ರಾತ್ರಿ ವೈದ್ಯರು ಇರುತ್ತಾರೆಯೇ, ಹಾವಿನ ಮದ್ದು ಎಷ್ಟು ಬಾಟಲಿ ಇದೆ, ಹೃದಯ ಜ್ಯೋತಿಯ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲಿ ದಾಸ್ತಾನಿದೆಯೇ ಎಂದು ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.