ಹಳದಿ ಅಂಗಿ ಗಾಳಿಗೆ ನಿಂತ ದಿನ: ಬ್ರ್ಯಾಡ್ಲಿ ವಿಗಿನ್ಸ್ ಅವರಿಗೆ ಬಹಿರಂಗ ಪತ್ರ

ಬ್ರ್ಯಾಡ್ಲಿ ವಿಗಿನ್ಸ್ ಅವರಿಗೆ,

ಲಂಡನ್ನಿನ ಎಜ್‌ವೇರ್‌ನಿಂದ ಬರೆಯುತ್ತಿದ್ದೇನೆ. ನಮ್ಮ ಓಣಿ ದಾಟಿದರೆ ಸಿಗುವುದು ರೋಮನ್ನರ ಕಾಲದ ವಾಟ್ಲಿಂಗ್ ಸ್ಟ್ರೀಟ್, ಈಗಿನ ಎ5. ದಕ್ಷಿಣಕ್ಕೆ ತಿರುಗಿ ಬರ್ನ್ಟ್ ಓಕ್, ಕಾಲಿಂಡೇಲ್, ಕ್ರಿಕಲ್‌ವುಡ್ ದಾಟಿ ಹತ್ತು ಕಿಲೋಮೀಟರಿನಷ್ಟು ತುಳಿದರೆ ನೀವು ಬೆಳೆದ ಕಿಲ್ಬರ್ನ್ ಬರುತ್ತದೆ. ಒಂದೇ ನೇರ ರಸ್ತೆ. ಆ ಲೆಕ್ಕದಲ್ಲಿ ನೀವು ನಮ್ಮ ರಸ್ತೆಯವರು.

ಹಾಗಿದ್ದರೂ ನಿಮ್ಮ ಬಗ್ಗೆ ವರ್ಷಗಟ್ಟಲೆ ಒಂದು ಮಾತು ಆಡಿಕೊಂಡು ಬಂದೆ. 2012ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆಲ್ಲಬೇಕಾಗಿದ್ದವರು ನಿಮ್ಮ ತಂಡದ ಕ್ರಿಸ್ ಫ್ರೂಮ್, ಅವರು ಅದನ್ನು ನಿಮಗೆ ಬಿಟ್ಟುಕೊಟ್ಟರು ಎಂದು. ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ಯುಗಾದಿಯ ಸಭೆಯಲ್ಲಿ, ಭಾನುವಾರ ಸೈಕಲ್ ಜೊತೆಗಾರರ ಮುಂದೆ ಹೇಳಿದ್ದೇನೆ. ನಾನು ಹೇಳಿದ್ದು ತಪ್ಪು. ಹತ್ತಾರು ಜನರ ಎದುರು ಆಡಿದ ಮಾತನ್ನು ಹತ್ತಾರು ಜನರ ಎದುರೇ ತಿದ್ದಬೇಕು. ಅದಕ್ಕೇ ಈ ಪತ್ರ ಬಹಿರಂಗವಾಗಿದೆ.

ಜುಲೈ 12ರ ಆ ಹಂತ ಓದುಗರಿಗೂ ಗೊತ್ತಿರಲಿ. ಆಲ್ಬರ್ಟ್‌ವಿಲ್‌ನಿಂದ ಲಾ ತೂಸ್ವೀರ್ ಬೆಟ್ಟಕ್ಕೆ ಏರುವ ಹನ್ನೊಂದನೇ ಹಂತ. ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಅಂಗಿ ನಿಮ್ಮ ಮೈಮೇಲಿತ್ತು. ಕೊನೆಯ ಕೆಲವು ಕಿಲೋಮೀಟರಿನಲ್ಲಿ ನಿಮ್ಮದೇ ಸ್ಕೈ ತಂಡದ ಫ್ರೂಮ್ ಪೆಡಲ್ ಮೇಲೆ ಎದ್ದು ನಿಂತು ಮುಂದೆ ಜಿಗಿದರು. ನೀವು ಹಿಂದೆ ಬಿದ್ದಿರಿ. ಆಗ ಕಿವಿಯ ರೇಡಿಯೋದಲ್ಲಿ ತಂಡದ ಆದೇಶ ಬಂತು. ಫ್ರೂಮ್ ಕಾಲು ಸಡಿಲಿಸಿದರು, ನಿಮಗಾಗಿ ಕಾದರು. ಅಷ್ಟನ್ನು ಟಿವಿಯಲ್ಲಿ ನೋಡಿ ನಾನು ತೀರ್ಪು ಕೊಟ್ಟುಬಿಟ್ಟೆ.

ಅಷ್ಟು ಬೇಗ ತೀರ್ಪು ಕೊಡಲು ಹಳೆಯದೊಂದು ಕಾರಣವಿತ್ತು. ನಾನು ವಿಜಯಪುರ ಕಡೆಯವನು. ನಮ್ಮ ಜಿಲ್ಲೆಯಲ್ಲೂ ಪಕ್ಕದ ಬಾಗಲಕೋಟೆಯಲ್ಲೂ ಸೈಕಲ್ ರೇಸ್ ಎಂದರೆ ಹುಡುಗರಿಗೆ ಹುಚ್ಚು. ರೈಲ್ವೆ ನೌಕರಿಯ ದಾರಿ ಸೈಕಲ್ ಮೇಲೂ ಹಾದುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹದಿನೇಳರ ವಯಸ್ಸಿನಲ್ಲಿ ಒಂದು ಜಾತ್ರೆಯ ರೇಸಿನಲ್ಲಿ ಕೊನೆಯ ಊರು ದಾಟುವಾಗ ಮುಂದೆ ಇದ್ದವನು ನಾನೊಬ್ಬನೇ. ಹಿಂದಿನ ಜೀಪಿನಿಂದ ಕೂಗು ಬಂತು: "ಏ, ನಿಲ್ಲೋ! ಅಣ್ಣ ಬರ್ಲಿ!" ಅಣ್ಣ ಎಂದರೆ ನಮ್ಮ ಗುಂಪಿನ ಹಿರಿಯ ಸವಾರ. ಅವನ ನೌಕರಿಯ ಅರ್ಜಿಗೆ ಆ ವರ್ಷ ಮೊದಲ ಸ್ಥಾನದ ಸರ್ಟಿಫಿಕೇಟು ಬೇಕಿತ್ತು. ನಿಂತೆ. ಅವನು ಬಂದ ಮೇಲೆ ಗೆರೆಯವರೆಗೂ ಅವನನ್ನು ನನ್ನ ಚಕ್ರದ ಹಿಂದೆ ಕೂರಿಸಿಕೊಂಡು ಗಾಳಿ ಒಡೆದೆ. ಗೆರೆಯ ಬಳಿ ಅವನು ಪಕ್ಕದಿಂದ ಹಾದುಹೋದ. ನಮ್ಮಪ್ಪ ಗುಡಿಯ ಕಟ್ಟೆಯ ಮೇಲೆ ನಿಂತಿದ್ದರು. "ಕಾಲಾಗ ಕಸುವಿದ್ದೂ ಯಾಕ ನಿಂತಿ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಲಾ ತೂಸ್ವೀರ್‌ನಲ್ಲಿ ಫ್ರೂಮ್ ಕಾಲು ಸಡಿಲಿಸಿದಾಗ ನನಗೆ ಕಂಡದ್ದು ಆ ಕಟ್ಟೆ.

ಇಷ್ಟು ವರ್ಷದ ಮೇಲೆ ಕಾಗದ ಪೆನ್ನು ಹಿಡಿದು ಕೂತು ಲೆಕ್ಕ ಹಾಕಿದೆ. ಮೂರು ವಾರ, ಸುಮಾರು 3,500 ಕಿಲೋಮೀಟರ್ ಮುಗಿದಾಗ ನೀವು ಫ್ರೂಮ್‌ಗಿಂತ 3 ನಿಮಿಷ 21 ಸೆಕೆಂಡು ಮುಂದಿದ್ದಿರಿ. ಮೊದಲ ಹಂತದಲ್ಲೇ ಫ್ರೂಮ್ ಟಯರ್ ಪಂಕ್ಚರ್ ಆಗಿ 1 ನಿಮಿಷ 25 ಸೆಕೆಂಡು ಹೋಯಿತು. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಹಂತಗಳಲ್ಲಿ ಬೆಜಾನ್ಸೋನ್‌ನಲ್ಲಿ 35 ಸೆಕೆಂಡು, ಶಾರ್ತ್ರ್‌ನಲ್ಲಿ 1 ನಿಮಿಷ 16 ಸೆಕೆಂಡು ನೀವು ಅವರಿಂದ ಗಳಿಸಿದಿರಿ. ಈ ಮೂರನ್ನೇ ಕೂಡಿಸಿದರೆ 3 ನಿಮಿಷ 16 ಸೆಕೆಂಡು. ಗಡಿಯಾರದ ಹಂತದಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ, ಮುಂದೆ ನಿಂತು ಗಾಳಿ ಒಡೆದುಕೊಡುವವರೂ ಇಲ್ಲ. ಅಲ್ಲಿ ಎರಡೂ ಸಲ ಇಡೀ ಟೂರ್‌ಗೇ ನೀವು ಮೊದಲಿಗರು. ಬೆಟ್ಟದಲ್ಲಿ ಫ್ರೂಮ್ ಬಲಶಾಲಿ ಎಂದು ಇಂದೂ ಹೇಳುತ್ತೇನೆ. ಅವರನ್ನು ತಡೆಯದೆ ಬಿಟ್ಟಿದ್ದರೆ ಎಷ್ಟು ಗಳಿಸುತ್ತಿದ್ದರೋ ಅದು ಯಾವ ಕಾಗದದಲ್ಲೂ ಸಿಗದ ಲೆಕ್ಕ. ಆ ಸಿಗದ ಲೆಕ್ಕದ ಮೇಲೆ ನಾನು ನಿಮ್ಮ ಗೆಲುವನ್ನು ಕಡಿಮೆ ಮಾಡಿದೆ.

ಸೈಕಲ್ ರೇಸ್ ನೋಡದವರು ಇಲ್ಲಿ ಕೇಳುತ್ತಾರೆ, ಬಲವಿದ್ದವನು ಗೆಲ್ಲಲಿ, ತಂಡ ಯಾಕೆ ನಡುವೆ? ಕಾರಣ ಗಾಳಿ. ಇನ್ನೊಬ್ಬನ ಚಕ್ರದ ಹಿಂದೆ ಅಂಟಿಕೊಂಡು ಹೋಗುವವನಿಗೆ ಶ್ರಮದಲ್ಲಿ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ಮುಂದಿನವನು ಅದನ್ನು ತನ್ನ ಮೈಯಿಂದ ತೆರುತ್ತಾನೆ. ಮೂರು ವಾರ ಯಾರ ಮೈಯಿಂದ ಯಾರಿಗೆ ಎಷ್ಟು ಹೋಗಬೇಕು ಎಂದು ನಿರ್ಧರಿಸುವುದೇ ತಂಡದ ತಂತ್ರ. ಹೀಗೆ ದುಡಿಯುವವನಿಗೆ ಫ್ರೆಂಚರು ಇಟ್ಟ ಹೆಸರು ದೊಮೆಸ್ತಿಕ್, ಅಂದರೆ ಮನೆಯಾಳು. 1911ರಲ್ಲಿ ಮೊರೀಸ್ ಬ್ರೊಕ್ಕೊ ಎಂಬ ಸವಾರ ಇನ್ನೊಬ್ಬನಿಗೆ ನೆರವಾದಾಗ ಟೂರ್ ಕಟ್ಟಿದ ಆನ್ರಿ ದೆಗ್ರಾಂಜ್ ಹೀಯಾಳಿಸಲೆಂದೇ ಆ ಪದ ಬಳಸಿದ. ಬೈಗುಳವೇ ಮುಂದೆ ಕಸುಬಿನ ಹೆಸರಾಯಿತು. ನಮ್ಮ ಮೈಸೂರಿನಲ್ಲಿ ಇದಕ್ಕಿಂತ ಮರ್ಯಾದೆಯ ಪದವಿದೆ. ದಸರೆಯಲ್ಲಿ 750 ಕಿಲೋ ಅಂಬಾರಿ ಹೊತ್ತ ಆನೆಯ ಎಡಬಲದಲ್ಲಿ ಹೆಜ್ಜೆ ಹಾಕುವವು ಕುಮ್ಕಿ ಆನೆಗಳು. ಜನ ಅವುಗಳ ಹೆಸರನ್ನೂ ಕೇಳಿ ತಿಳಿದುಕೊಳ್ಳುತ್ತಾರೆ, ಮಕ್ಕಳಿಗೆ ತೋರಿಸುತ್ತಾರೆ.

ಹಾಗೆಂದು ಕಾಯಿಸಿದ್ದೆಲ್ಲ ನ್ಯಾಯವಲ್ಲ. 1985ರ ಟೂರಿನಲ್ಲಿ ಗ್ರೆಗ್ ಲೆಮಾಂಡ್ ಅವರನ್ನು ಬೆಟ್ಟದಲ್ಲಿ ತಡೆದು ನಿಲ್ಲಿಸಿದರು. ಅವರದೇ ತಂಡದ ಬರ್ನಾರ್ ಇನೊ ಐದನೇ ಸಲ ಗೆದ್ದರು, ಮುಂದಿನ ವರ್ಷ ನಿನಗಾಗಿ ದುಡಿಯುತ್ತೇನೆ ಎಂದು ಮಾತು ಕೊಟ್ಟರು. ಮುಂದಿನ ವರ್ಷ ಬಂತು, ಇನೊ ಪಿರಿನೀಸ್‌ನಲ್ಲಿ ಲೆಮಾಂಡ್ ಮೇಲೆಯೇ ದಾಳಿ ಮಾಡಿ ಹಳದಿ ಅಂಗಿ ಹಾಕಿಕೊಂಡರು. ಕೊನೆಗೆ ಲೆಮಾಂಡ್ ತನ್ನದೇ ಕಾಲಿನ ಬಲದಿಂದ ಅದನ್ನು ಕಿತ್ತುಕೊಳ್ಳಬೇಕಾಯಿತು. 2023ರಲ್ಲಿ ಸ್ಪೇನಿನ ವುವೆಲ್ತಾ ರೇಸಿನಲ್ಲಿ ಸೆಪ್ ಕುಸ್ ಮುಂದಿರುವವರ ಕೆಂಪು ಅಂಗಿಯಲ್ಲಿದ್ದರು. ಅದೇ ವರ್ಷ ತಮ್ಮದೇ ತಂಡದ ರೊಗ್ಲಿಚ್‌ಗೆ ಇಟಲಿಯ ಜಿರೊ ರೇಸ್ ಗೆಲ್ಲಲು, ವಿಂಗಗೋರ್‌ಗೆ ಟೂರ್ ಗೆಲ್ಲಲು ದುಡಿದ ಆಳು ಅವರು. ಆಂಗ್ಲಿರು ಬೆಟ್ಟದಲ್ಲಿ ಆ ಇಬ್ಬರೂ ಕುಸ್ ಅವರನ್ನು ಹಿಂದೆ ಬಿಟ್ಟು ಹೋದರು. ಕುಸ್ ಕೈಯಲ್ಲಿ ಉಳಿದದ್ದು 8 ಸೆಕೆಂಡಿನ ಮುನ್ನಡೆ. ನಾನು ಅವತ್ತು ಟಿವಿ ಆರಿಸಿ ಎದ್ದುಹೋದೆ. ಮರುದಿನದಿಂದ ತಂಡ ಕುಸ್ ಬೆನ್ನಿಗೆ ನಿಂತಿತು, ಮ್ಯಾಡ್ರಿಡ್‌ನಲ್ಲಿ ಅವರು 17 ಸೆಕೆಂಡಿನಿಂದ ಗೆದ್ದರು. ಆ 17 ಸೆಕೆಂಡಿನಲ್ಲಿ ವರ್ಷಗಳ ಸಾಲ ತೀರಿದ್ದು ಎಷ್ಟು ಜನಕ್ಕೆ ಕಂಡಿತೋ, ನನಗೆ ಕಂಡಿತು.

ಅಲ್ಲಿಂದ ಹಿಂದೆ ಹೋಗಿ 2012ರ ಜುಲೈ 22ನ್ನು ಮತ್ತೆ ನೋಡಿದೆ. ಪ್ಯಾರಿಸ್, ಶಾಂಜ್ ಎಲಿಜೆ. ಟೂರ್ ಗೆದ್ದೇ ಆಗಿತ್ತು. ಗುಂಪಿನ ನಡುವೆ ಭದ್ರವಾಗಿ ಕೂತು ಗೆರೆ ದಾಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಿಮ್ಮ ತಂಡದ ಮಾರ್ಕ್ ಕ್ಯಾವೆಂಡಿಶ್ ಆಗಿನ ವಿಶ್ವ ಚಾಂಪಿಯನ್, ಕಾಮನಬಿಲ್ಲಿನ ಪಟ್ಟೆಯ ಅಂಗಿಯಲ್ಲೇ ತಂಡಕ್ಕಾಗಿ ನೀರಿನ ಬಾಟಲಿ ಹೊತ್ತವರು. ಕೊನೆಯ ಸುತ್ತಿನಲ್ಲಿ ನೀವು ಹಳದಿ ಅಂಗಿಯಲ್ಲೇ ಎಲ್ಲರ ಮುಂದೆ ಬಂದು ಗಾಳಿಗೆ ಎದೆಯೊಡ್ಡಿದಿರಿ, ತಂಡದ ಸಾಲನ್ನು ಎಳೆದಿರಿ. ಕ್ಯಾವೆಂಡಿಶ್ ಗೆದ್ದರು.

ಆ ಜಾತ್ರೆಯ ದಿನ ನನಗೆ ಏನು ನೋವಾಗಿತ್ತೆಂದು ಆಗ ತಿಳಿಯಿತು. ಅಣ್ಣನಿಗೆ ನೌಕರಿ ಸಿಕ್ಕಿತು, ಸಿಗಬೇಕಿತ್ತು, ಆ ಮನೆಯ ಕಷ್ಟ ನಾನು ಬಲ್ಲೆ. ಆದರೆ ಅದರ ನಂತರ ಯಾವ ರೇಸಿನಲ್ಲೂ ಅವನು ನನ್ನ ಮುಂದೆ ಬಂದು ಒಂದು ಫರ್ಲಾಂಗು ಗಾಳಿ ಒಡೆಯಲಿಲ್ಲ. ನಿಂತಿದ್ದಕ್ಕೆ ನಾನು ಇಂದಿಗೂ ಬೇಸರಪಡುವುದಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ನಿಮ್ಮ ತಂಡ ಔಷಧ ಬಳಸಿದ ರೀತಿಯ ಬಗ್ಗೆ ಬ್ರಿಟನ್ನಿನ ಸಂಸದೀಯ ಸಮಿತಿ 2018ರಲ್ಲಿ ಕಟುವಾದ ವರದಿ ಕೊಟ್ಟಿತು, ನೀವು ಆರೋಪವನ್ನು ನಿರಾಕರಿಸಿದಿರಿ. ಅದರ ತೀರ್ಮಾನ ಈ ಪತ್ರದಿಂದ ಆಗದು. ನಾನು ಹಿಂತೆಗೆದುಕೊಳ್ಳುತ್ತಿರುವುದು ನನ್ನ ಬಾಯಿಂದ ಬಂದ ಮಾತನ್ನು ಮಾತ್ರ.

ಒಂದು ಕೋರಿಕೆ. 2012ರ ಮಾತು ಬಂದಾಗಲೆಲ್ಲ ಲಾ ತೂಸ್ವೀರ್‌ನ ಆ ಕ್ಷಣವನ್ನು ದಯವಿಟ್ಟು ನೀವೇ ಮೊದಲು ಎತ್ತಿ ಹೇಳಿ. ಫ್ರೂಮ್ ಕಾದರು ಎನ್ನಿ. ನಿಮ್ಮ ತಂಡದ ಪೋರ್ಟ್, ರೋಜರ್ಸ್, ಬೋಸನ್ ಹಾಗೆನ್, ಕ್ನೀಸ್, ಐಸೆಲ್ ಎಂದು ಒಬ್ಬೊಬ್ಬರ ಹೆಸರನ್ನೂ ಹೇಳಿ. ಮೂರನೇ ಹಂತದಲ್ಲೇ ಬಿದ್ದು ಕಾಲು ಮುರಿದುಕೊಂಡ ಸಿವ್ತ್ಸೋವ್ ಹೆಸರನ್ನೂ ಬಿಡಬೇಡಿ. ಟೂರ್ ಗೆದ್ದವರು ಬಹುಮಾನದ ಹಣವನ್ನು ತಂಡಕ್ಕೆ ಹಂಚುವ ಒಳ್ಳೆಯ ರೂಢಿ ನಿಮ್ಮಲ್ಲಿದೆ. ಹೆಸರನ್ನೂ ಹಾಗೆಯೇ ಹಂಚಿ. ಪತ್ರಿಕೆಯಲ್ಲಿ ಒಂದೇ ಹೆಸರು ಅಚ್ಚಾದಾಗ ಎಲ್ಲೋ ಒಂದು ಗುಡಿಯ ಕಟ್ಟೆಯ ಮೇಲೆ ಯಾರದೋ ತಂದೆ ಮಗನಿಗೆ ಪ್ರಶ್ನೆ ಕೇಳುತ್ತಿರುತ್ತಾರೆ.

ಭಾನುವಾರ ನಾನೂ ಮಗನೂ ಎ5ರಲ್ಲಿ ಉತ್ತರಕ್ಕೆ ಹೋಗುತ್ತೇವೆ. ಎಜ್‌ವೇರ್ ದಾಟಿದೊಡನೆ ಬ್ರಾಕ್ಲಿ ಹಿಲ್‌ನ ಏರು. ಅವನಿಗೆ ಈಗ ಹದಿನೇಳು, ಏರಿನಲ್ಲಿ ನನ್ನ ಕೈಗೆ ಸಿಗುವುದಿಲ್ಲ. ಮೇಲೆ ತಲುಪಿದಾಗ ಅವನು ಒಂದು ಕಾಲು ನೆಲಕ್ಕೂರಿ ಕಾಯುತ್ತಿರುತ್ತಾನೆ. ನಾನು ನೀರು ಕುಡಿದು, ಅವನನ್ನು ಹಿಂದಕ್ಕೆ ಹಾಕಿಕೊಂಡು, ಎಲ್‌ಸ್ಟ್ರೀವರೆಗಿನ ಗಾಳಿಗೆ ಮುಂದೆ ಹೋಗುತ್ತೇನೆ.

ಇತಿ,
ನಿಮ್ಮ ರಸ್ತೆಯ ಇನ್ನೊಂದು ತುದಿಯವನು
ಎಜ್‌ವೇರ್