ಸ್ಟೀಲ್ ಸಿಗದ ಸ್ಟೀಲ್ ಪೇಟೆ

ನಮ್ಮ ಸೋದರತ್ತಿ ಬ್ಯಾಡಗಿಯವಳು. ಹೋದ ಚಳಿಗಾಲದಲ್ಲಿ ಮನೆಗೆ ಬಂದವಳು ಕೈಕಾಲು ತೊಳೆಯುವ ಮೊದಲೇ ಕೇಳಿದಳು: "ನಿಮ್ಮ ಕಳಂಬೋಲ್ಯಾಗ ಭಾಳ ದೊಡ್ಡ ಸ್ಟೀಲ್ ಮಾರ್ಕೆಟ್ ಐತಂತಲ್ಲೋ ತಮ್ಮಾ? ಎರಡು ಕೊಡ, ಒಂದು ಪರಾತ ಒಯ್ಯಬೇಕು. ಅಗ್ಗ ಇರತಾವ." ನಾನು ತಡೆಯಲಿಲ್ಲ. ಪೇಟೆ ಅಂದರೇನು ಎಂದು ಬ್ಯಾಡಗಿಯ ಹೆಂಗಸಿಗೆ ಕಳಂಬೋಲಿಯವನು ಹೇಳಿಕೊಡುವುದು ಅಧಿಕಪ್ರಸಂಗವಾದೀತು.

ಬ್ಯಾಡಗಿಯ ಪೇಟೆ ಮೊದಲು ಗೊತ್ತಾಗುವುದು ಮೂಗಿಗೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಊರು ಕಾಣುವುದಕ್ಕಿಂತ ಮುಂಚೆ ಸೀನು ಬರುತ್ತದೆ. ನವಿ ಮುಂಬಯಿಯ ನಮ್ಮ ಕಳಂಬೋಲಿಯದು ಕಿವಿಯ ಪೇಟೆ. ಕ್ರೇನಿನಿಂದ ಆ್ಯಂಗಲ್ಲಿನ ಕಟ್ಟೊಂದು ನೆಲಕ್ಕಿಳಿದರೆ ಆಚೆ ಬೀದಿಯ ನಾಯಿಯೂ ಎದ್ದು ಕೂರುತ್ತದೆ. ಎರಡೂ ಕಡೆ ಗೋಡೌನುಗಳು, ನಡುವೆ ಹೊಂಡಬಿದ್ದ ರಸ್ತೆ, ರಸ್ತೆಯ ತುಂಬ ಟ್ರೇಲರುಗಳು. ಕಣ್ಣು ಹಾಯುವಷ್ಟು ದೂರ ಸರಳು, ಚಾನೆಲ್, ಗರ್ಡರ್, ಆನೆಯ ಹೊಟ್ಟೆಯಷ್ಟು ದಪ್ಪದ ಕಾಯಿಲ್. ಅತ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಎಡಬಲ ನೋಡಿದಳು. "ಅಂಗಡಿ ಎಲ್ಲೈತಿ?"

ಒಬ್ಬ ವ್ಯಾಪಾರಿಯ ಆಫೀಸಿಗೆ ಅವಳೇ ನುಗ್ಗಿದಳು. ಒಳಗೆ ಮೇಜು, ಎರಡು ಫೋನು, ಲಕ್ಷ್ಮಿಯ ಫೋಟೋ. ಮಾರುವ ಸಾಮಾನು ಒಂದೂ ಇಲ್ಲ. ಆತ ನಯವಾಗಿ ಹಿಂದಿಯಲ್ಲಿ ಕೇಳಿದ, "ಎಷ್ಟು ಟನ್ ಬೇಕು ಮಾಜೀ?" ಅತ್ತಿಗೆ ಟನ್ ಎಂಬ ಪದವೊಂದೇ ಅರ್ಥವಾಯಿತು. ಅಷ್ಟು ಸಾಕಾಯಿತು.

ಈ ಪೇಟೆ ತಾನಾಗಿ ಬೆಳೆದದ್ದಲ್ಲ, ಕೂರಿಸಿದ್ದು. 1970ರಲ್ಲಿ ಸಿಡ್ಕೋ ಎಂಬ ಸರ್ಕಾರಿ ನಗರ ನಿರ್ಮಾಣ ನಿಗಮ ಹುಟ್ಟಿತು; ಉಸಿರುಗಟ್ಟಿದ್ದ ಮುಂಬಯಿಯ ಸಗಟು ಪೇಟೆಗಳನ್ನು ಖಾಡಿಯ ಈಚೆಗೆ ತಂದು ಹಾಕುವುದು ಅದರ ಲೆಕ್ಕಾಚಾರ. ಈರುಳ್ಳಿ ಆಲೂಗಡ್ಡೆ ವಾಶಿಗೆ ಹೋದವು, ಕಬ್ಬಿಣ ನಮ್ಮ ಪಾಲಿಗೆ ಬಂತು. ಭಾಗ ಮಾಡಿದವರಿಗೆ ಸಾರು ಮಾಡುವ ಅಭ್ಯಾಸ ಇರಲಿಲ್ಲವೆಂದು ಕಾಣುತ್ತದೆ. ಕಬ್ಬಿಣದ ಬೆನ್ನಿಗೆ ಮಾಥಾಡಿಗಳೂ ಬಂದರು. ಮಾಥಾ ಎಂದರೆ ತಲೆ. ತಲೆಯ ಮೇಲೆ ಹೊರುವವರು. ಅವರಿಗೆಂದೇ 1969ರಲ್ಲಿ ಮಹಾರಾಷ್ಟ್ರ ಒಂದು ಕಾಯ್ದೆ ಮಾಡಿತು. ಈಗ ಭಾರವಾದದ್ದನ್ನೆಲ್ಲ ಕ್ರೇನು ಎತ್ತುತ್ತದೆ, ಹೆಸರಿನಲ್ಲಿ ಮಾತ್ರ ತಲೆ ಉಳಿದಿದೆ.

ಇಂಗ್ಲೆಂಡಿನ ಸಣ್ಣ ಪೇಟೆಯೂರುಗಳ ವಿಷಯ ಓದುವುದು ನನಗೊಂದು ಚಟ. ಅಲ್ಲಿಯೂ ಸಂತೆ ನೆರೆಯಬೇಕಾದರೆ ರಾಜನ ಸನ್ನದು ಬೇಕಿತ್ತು. ಹದಿಮೂರನೆಯ ಶತಮಾನದ ಬ್ರ್ಯಾಕ್ಟನ್ ಎಂಬ ನ್ಯಾಯಶಾಸ್ತ್ರಿ ಒಂದು ಸೊಗಸಾದ ಲೆಕ್ಕ ಹಾಕಿಟ್ಟಿದ್ದಾನೆ. ಮನುಷ್ಯನ ದಿನದ ನಡಿಗೆ 20 ಮೈಲಿ. ಅದನ್ನು ಮೂರು ಪಾಲು ಮಾಡು: ಹೋಗಲೊಂದು, ಕೊಡುಕೊಳ್ಳಲೊಂದು, ಕತ್ತಲಾಗುವ ಮುಂಚೆ ಮನೆ ಸೇರಲೊಂದು. ಆದ್ದರಿಂದ ಒಂದು ಪಾಲಿನ ದೂರದೊಳಗೆ, ಎಂದರೆ ಏಳು ಮೈಲಿಗೆ ತುಸು ಕಡಿಮೆಯಲ್ಲಿ, ಇನ್ನೊಂದು ಸಂತೆ ಕೂಡದು. ಸಂತೆಯ ಜಗಳ ಬಗೆಹರಿಸಲು ಅಲ್ಲೇ ಒಂದು ನ್ಯಾಯಾಲಯವೂ ಇರುತ್ತಿತ್ತು. ಧೂಳುಗಾಲಿನವರ ಕೋರ್ಟು ಎಂದು ಅದರ ಹೆಸರು. ವ್ಯಾಪಾರಿ ಗಂಟು ಕಟ್ಟುವುದರೊಳಗೆ ತೀರ್ಪು ಕೊಡಬೇಕು. ನಮ್ಮಲ್ಲಿ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ಇದ್ದರು, ಪಟ್ಟಣಸ್ವಾಮಿಗಳಿದ್ದರು. ಅವರ ಕಾಲುಗಳೂ ಧೂಳಿನವೇ.

ಕಳಂಬೋಲಿಯಲ್ಲಿ ಧೂಳಿಗೆ ಬರವಿಲ್ಲ, ಮನೆ ಸೇರುವ ಪಾಲಿನದೇ ಗೋಳು. ಲೋಡಿಗಾಗಿ ಲಾರಿಯವರು ಒಂದು ದಿನ, ಎರಡು ದಿನ ಕಾಯುತ್ತಾರೆ. ಆ ಹೊತ್ತಿನಲ್ಲೇ ಇಲ್ಲಿ ಕನ್ನಡ ಕೇಳಿಸುವುದು. ಟ್ರೇಲರಿನ ನೆರಳಲ್ಲಿ ಸ್ಟೋ ಹಚ್ಚಿ ಅನ್ನಕ್ಕಿಟ್ಟಿದ್ದವನ ಗಾಡಿಯ ನಂಬರು ಕೆಎ 27 ಎಂದಿತ್ತು. ಹಾವೇರಿ! ಅತ್ತಿಗೆ ಕೊಡ ಮರೆತೇಹೋಯಿತು.

"ಯಾವೂರಪ್ಪಾ?"

"ಮೋಟೆಬೆನ್ನೂರ್ರಿ ಯವ್ವಾ. ಊಟ ಆತೇನ್ರಿ?"

ಬ್ಯಾಡಗಿಯಿಂದ ಕೂಗಿದರೆ ಕೇಳುವಷ್ಟು ದೂರ. ಮಳೆ, ಮೆಣಸಿನಕಾಯಿ ದರ, ಯಾರ ಮಗಳನ್ನು ಯಾರಿಗೆ ಕೊಟ್ಟರು, ಎಲ್ಲ ಆಯಿತು. ಮಂಗಳೂರಿನ ಕಡೆಯವರದು ಪುಣ್ಯ ಎಂದ ಆತ. ಕೋಲಾಡಿಗೆ ಹೋದರೆ ಲಾರಿಯೇ ಕೊಂಕಣ ರೈಲು ಹತ್ತಿ ಸುರತ್ಕಲ್ಲಿನಲ್ಲಿ ಇಳಿಯುತ್ತದೆ. ಡ್ರೈವರು ತನ್ನ ಸೀಟಿನಲ್ಲೇ ಮಲಗಬಹುದು. ಅತ್ತಿ ನಂಬಲಿಲ್ಲ. "ಲಾರಿಗೂ ಟಿಕೀಟಾ?"

ಅಲ್ಲೇ ಕಾಂಟಾ ಇತ್ತು, ಇಡೀ ಲಾರಿಯನ್ನು ತೂಗುವ ತಕ್ಕಡಿ. ಅತ್ತಿ ಅದರ ಮೇಲೆ ಹೋಗಿ ನಿಂತಳು. ಆ ಯಂತ್ರ ಹತ್ತತ್ತು ಕಿಲೋದ ಲೆಕ್ಕದ್ದು, ಅರವತ್ತು ಎಂದು ತೋರಿಸಿತು. ನಮ್ಮೂರ ಡಾಕ್ಟರು ಅರವತ್ತೇಳು ಅಂತಾನ, ಇದೇ ಖರೆ ಇರಬೇಕು, ಎಷ್ಟು ದೊಡ್ಡದೈತಿ ನೋಡು ಎಂದಳು. ಆ ದಿನ ಕಳಂಬೋಲಿಯಲ್ಲಿ ಅವಳಿಗೆ ದಕ್ಕಿದ ಲಾಭ ಅದೊಂದೇ.

ಇಂಗ್ಲೆಂಡಿನ ಎಷ್ಟೋ ಪೇಟೆಗಳ ನಡುವೆ ಕಲ್ಲಿನ ಶಿಲುಬೆ ಇರುತ್ತದೆ, ಜನ ಸೇರುವ ಗುರುತಿಗೆ. ನಮ್ಮಲ್ಲಿ ಆ ಜಾಗದಲ್ಲಿ ಮೆಕ್‌ಡೊನಾಲ್ಡ್ಸ್ ಇದೆ. ಪುಣೆಯ ಎಕ್ಸ್‌ಪ್ರೆಸ್‌ವೇ ಶುರುವಾಗುವುದು ಕಳಂಬೋಲಿಯಲ್ಲಿ. 2002ರಲ್ಲಿ 94.5 ಕಿಲೋಮೀಟರೂ ತೆರೆದುಕೊಂಡ ಮೇಲಂತೂ ಊರಿಗೆ ಹೋಗುವ ರಾತ್ರಿ ಬಸ್ಸುಗಳಿಗೆ ಈ ಬರ್ಗರ್ ಅಂಗಡಿಯೇ ಅಗಸೆಬಾಗಿಲು. ಒಳಗೆ ಕಾಲಿಡದ ಸಾವಿರಾರು ಕನ್ನಡಿಗರು ಅದರ ಎದುರು ಚೀಲದ ಮೇಲೆ ಕೂತಿದ್ದಾರೆ, ನಾನೂ ಕೂತಿದ್ದೇನೆ.

ಅತ್ತಿಯನ್ನು ಹತ್ತಿಸಲು ಅಲ್ಲೇ ನಿಂತಿದ್ದೆವು. ಪಕ್ಕದಲ್ಲಿ ಹುಬ್ಬಳ್ಳಿಗೆ ಹೊರಟ ಹೆಂಗಸೊಬ್ಬಳು ಮಾತಿಗೆ ಸಿಕ್ಕಳು. ಇಲ್ಲಿ ಏನೇನು ನೋಡಿದಿರಿ ಎಂದು ಕೇಳಿದಳು. ಅತ್ತಿ ದನಿ ತಗ್ಗಿಸಿ, ಪಾಪ ಯಾರಿಗೂ ಬೇಸರವಾಗದಿರಲಿ ಎಂಬಂತೆ ಹೇಳಿದಳು:

"ಊರು ಅಡ್ಡಿ ಇಲ್ಲವ್ವಾ. ಆದ್ರ ಸ್ಟೀಲ್ ಒಂದು ಸಿಗೂದಿಲ್ಲ. ನೀವು ಹುಬ್ಬಳ್ಳ್ಯಾಗೇ ತಗೊಳ್ರಿ."