ನೆಲ ಬಿಟ್ಟ ಲೆಕ್ಕ

ಪ್ರತಿ ಕುಟುಂಬದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಊರಿಗೆ ಹೋಗಿಬಂದವರನ್ನು ಸೌಖ್ಯವೇ ಎಂದು ವಿಚಾರಿಸುವ ಮೊದಲು "ಬಸ್ಸಲ್ಲಾ?" ಎಂದು ಕೇಳಿ, ಹೌದೆಂದರೆ ಸಾವಿನ ಮನೆಯ ಮರುಕ ತೋರಿಸುವವರು. ನಮ್ಮಲ್ಲಿ ಆ ಸ್ಥಾನ ಜಯನಗರದ ಭಾವನದು.

"ಎಂತ ಮಾರಾಯ, ಶಿರಾಡಿ ಘಾಟಿಯಲ್ಲಿ ರಾತ್ರಿಯೆಲ್ಲ ಕುಲುಕಿಸಿಕೊಂಡು! ದೇವನಹಳ್ಳಿಯಿಂದ ಮಂಗಳೂರಿನ ಬಜ್ಪೆಗೆ ನೇರ ಗೆರೆ ಎಳೆದರೆ 305 ಕಿಲೋಮೀಟರ್ ಆಸುಪಾಸು. ವಿಮಾನದ ವೇಗ ಗಂಟೆಗೆ 800. ಭಾಗಿಸು. 23 ನಿಮಿಷ!"

ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಮೇಲೆ ಬರೆದಿರುತ್ತದಲ್ಲ ಎಂದರೆ ಭಾವ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ವಿಮಾನ ಇಲ್ಲಿ ನಿಂತ ಜಾಗ ಬಿಟ್ಟು ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇ ತನಕ ತೆವಳುವುದು, ಸರದಿ ಕಾಯುವುದು, ಏರುವುದು, ಇಳಿಯುವುದು ಎಲ್ಲ ಅದರಲ್ಲಿ ಬಂತು. "ಅದನ್ನೆಲ್ಲ ಪ್ರಯಾಣ ಅಂತ ಹೇಳ್ಲಿಕ್ಕುಂಟಾ?" ಚಕ್ರ ನೆಲ ಬಿಟ್ಟರೆ ಪ್ರಯಾಣ; ಉಳಿದದ್ದು ಬರೀ ಕಾಯುವುದು. ಇದು ಭಾವನ ಸಿದ್ಧಾಂತ.

2008ರ ಮೇ ತಿಂಗಳಲ್ಲೂ ಇದು ಅಲುಗಾಡಲಿಲ್ಲ. ಆಗ ಬೆಂಗಳೂರಿನ ವಿಮಾನಗಳೆಲ್ಲ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಗುಳೆ ಹೋದವು. ಮಂಗಳೂರಿನ ಆಕಾಶದಾರಿ ಉದ್ದವಾದದ್ದು ನಾಲ್ಕೈದು ಕಿಲೋಮೀಟರ್. ಭಾವನ ಮನೆಯಿಂದ ನೆಲದ ದಾರಿ ಉದ್ದವಾದದ್ದು ಅದರ ಆರೇಳು ಪಟ್ಟು. "ಹೆಚ್ಚು ವ್ಯತ್ಯಾಸ ಇಲ್ಲ" ಎಂದರು ಭಾವ.

ಪುತ್ತೂರಿನ ಮದುವೆಗೂ ಹಾಗೇ ಹೊರಟರು. ಅಕ್ಕ ಮಾತ್ರ ನಮ್ಮ ಜೊತೆ ರಾತ್ರಿ ಬಸ್ಸು ಹತ್ತಿ, ಬೆಳಕು ಹರಿಯುವಾಗ ಪುತ್ತೂರಲ್ಲೇ ಇಳಿದು, ಮಿಂದು, ತಿಂಡಿಯ ಮೊದಲ ಪಂಕ್ತಿಯಲ್ಲೇ ಕೂತಳು. ಭಾವ ಮಧ್ಯರಾತ್ರಿ ಕಳೆದು ಮೂರಕ್ಕೆ ಟ್ಯಾಕ್ಸಿ ಹತ್ತಿದ್ದರು. ಹೊರಡುವ ಒಂದು ಗಂಟೆ ಮೊದಲೇ ಬ್ಯಾಗಿನ ಕೌಂಟರ್ ಮುಚ್ಚುತ್ತಾರೆಂಬ ಹೆದರಿಕೆಯಿಂದ ಅದಕ್ಕೂ ಒಂದು ಗಂಟೆ ಮೊದಲು ತಲುಪಿದರು. ಬೆಲ್ಟು ಬಿಚ್ಚಿದರು, ಕಟ್ಟಿದರು, ಚಿನ್ನದ ಬೆಲೆಯ ಕಾಫಿ ಕುಡಿದರು. ಬಜ್ಪೆಯ ಗುಡ್ಡದ ಮೇಲೆ ಇಳಿದು ಪೆಟ್ಟಿಗೆಗೆ ಕಾದರು. ಬಜ್ಪೆ ಇರುವುದು ಪುತ್ತೂರಿನಿಂದ ಪಡುವಣಕ್ಕೆ. ಹಾಗಾಗಿ ಮದುವೆ ಮನೆಯನ್ನು ದಾಟಿ ಮುಂದೆ ಹೋದವರು ಬಿ.ಸಿ. ರೋಡಿನ ಮೇಲೆ ಮತ್ತೆ ಐವತ್ತರಷ್ಟು ಕಿಲೋಮೀಟರ್ ಹಿಂದೆ ಬಂದರು. ಚಪ್ಪರದೊಳಗೆ ಕಾಲಿಡುವಾಗ ಒಂಬತ್ತೂವರೆ. ತಿಂಡಿಯ ಕೊನೆಯ ಪಂಕ್ತಿ ಎದ್ದು ಎಲೆ ತೆಗೆದಾಗಿತ್ತು.

"ಎಷ್ಟು ಹೊತ್ತಾಯ್ತು ಭಾವ?"

"40 ನಿಮಿಷ. ಸ್ವಲ್ಪ ಎದುರುಗಾಳಿ ಇತ್ತು."

ಹಿಂದಿರುಗುವಾಗ ಅಕ್ಕ ಅವರನ್ನು ಕೇಳದೆಯೇ ಸ್ಲೀಪರ್ ಬಸ್ಸಿಗೆ ಟಿಕೆಟ್ ಮಾಡಿಸಿದಳು. ಭಾವ ಮುಖ ಊದಿಸಿಕೊಂಡು ಹತ್ತಿದರು. ಉಪ್ಪಿನಂಗಡಿ ಬರುವ ಮೊದಲೇ ಗೊರಕೆ. ಶಿರಾಡಿ, ಸಕಲೇಶಪುರ, ಹಾಸನ ಯಾವುದೂ ಅವರಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಬೆಂಗಳೂರಲ್ಲಿ ಅಕ್ಕ ತಟ್ಟಿ ಎಬ್ಬಿಸಿ, "ನೋಡಿ, ಎಂಟು ಗಂಟೆಯಲ್ಲಿ ಬಂದೆವು, ಏನಾಯ್ತು ಈಗ?" ಎಂದಳು.

ಭಾವ ಕನ್ನಡಕ ಹುಡುಕಿ ಹಾಕಿಕೊಂಡರು. "ಎಂಟು ಎಲ್ಲಿಂದ? ನಿದ್ದೆ ಪ್ರಯಾಣ ಆಗ್ತದಾ? ನಾನು ಎಚ್ಚರ ಇದ್ದದ್ದು 20 ನಿಮಿಷ. ವಿಮಾನಕ್ಕಿಂತ 3 ನಿಮಿಷ ಬೇಗ!"